ಹುಡುಗಿ ಯಾವಾಗಲೂ ಉಪನಾಯಕಿಯೇ ಯಾಕೆ? ಪುಟ್ಟ ಮಕ್ಕಳಿಗೆ ಚುನಾವಣೆ ಕಲಿಸುವ ಬಗೆ

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಕೆಲವೇ ವಾರಗಳಲ್ಲಿ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ನಾಮಪತ್ರ, ಹಿಂತೆಗೆತ, ಪ್ರಚಾರ, ಮತದಾನ, ಎಣಿಕೆ, ಪ್ರಮಾಣವಚನ ಎಲ್ಲವೂ ಇರುತ್ತವೆ. ಈಚೆಗಂತೂ ಶಿಕ್ಷಕರ ಮೊಬೈಲೇ ಮತಯಂತ್ರವಾಗಿ, ಬಟನ್ ಒತ್ತಿದರೆ ಬೀಪ್ ಎನ್ನುವ ಆ್ಯಪ್‌ಗಳೂ ಬಂದಿವೆ. ಬೆರಳಿಗೆ ಸ್ಕೆಚ್ ಪೆನ್ನಿನ ಗುರುತು ಹಾಕಿಸಿಕೊಂಡ ಮಕ್ಕಳ ಸಂಭ್ರಮ ನೋಡುವುದೇ ಚೆಂದ. ಆದರೆ ಫಲಿತಾಂಶದ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ಓದಿ ನೋಡಿ. ಶಾಲಾ ನಾಯಕ ಹುಡುಗ, ಉಪನಾಯಕಿ ಹುಡುಗಿ. ಕ್ರೀಡಾ ಮಂತ್ರಿ ಹುಡುಗ. ಸ್ವಚ್ಛತೆ, ಪ್ರಾರ್ಥನೆ, ಸಾಂಸ್ಕೃತಿಕ ಖಾತೆ ಹುಡುಗಿಯರಿಗೆ. ಎಲ್ಲ ಶಾಲೆಗಳೂ ಹೀಗೇ ಎನ್ನಲಾಗದು. ಆದರೂ ಈ ಹಂಚಿಕೆ ಓದುಗರಿಗೆ ಹೊಸದಾಗಿ ಕಾಣಲಾರದು. ಹೀಗೇ ಮಾಡಿ ಎಂದು ಯಾವ ಸುತ್ತೋಲೆಯೂ ಹೇಳಿಲ್ಲ, ಯಾವ ಶಿಕ್ಷಕರೂ ಬೇಕೆಂದು ಮಾಡಿದ್ದಲ್ಲ. ಅದು ತಾನಾಗಿ ಆಗುತ್ತದೆ, ತೊಂದರೆ ಇರುವುದೂ ಅಲ್ಲಿಯೇ. ನಾಯಕತ್ವ ಯಾರದ್ದು ಎಂಬುದನ್ನು ಮಗು ಭಾಷಣದಿಂದ ಕಲಿಯುವುದಿಲ್ಲ; ಮತ್ತೆ ಮತ್ತೆ ಕಣ್ಣಿಗೆ ಬೀಳುವುದರಿಂದ, ಕೈಯಾರೆ ಮಾಡುವುದರಿಂದ ಕಲಿಯುತ್ತದೆ. ಆದ್ದರಿಂದ ಚಿಕ್ಕ ಮಕ್ಕಳಿಗೆ ಚುನಾವಣೆ ಕಲಿಸಹೊರಟವರು ಪಾಠಕ್ಕಿಂತ ಮೊದಲು ಚುನಾವಣೆಯ ಕಟ್ಟುಪಾಡುಗಳನ್ನು ಸರಿಮಾಡಿಕೊಳ್ಳಬೇಕು.

‘ಅಷ್ಟು ಚಿಕ್ಕವರಿಗೆ ಇದೆಲ್ಲ ಏನು ತಿಳಿಯುತ್ತದೆ?’ ಎಂಬ ಆಕ್ಷೇಪ ಮೊದಲು ಬರುತ್ತದೆ. ನಾವು ಹೇಳಿಕೊಡದಿದ್ದರೆ ಅವರು ಕಲಿಯದೆ ಇರುತ್ತಾರೆ ಎಂಬ ನಂಬಿಕೆ ಇದರ ಹಿಂದಿದೆ. ಅದು ಹಾಗಿಲ್ಲ. 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದರಲ್ಲಿ ಐದರಿಂದ ಏಳು ವರ್ಷದ ಮಕ್ಕಳಿಗೆ ಒಬ್ಬ ಮಹಾ ಬುದ್ಧಿವಂತ ವ್ಯಕ್ತಿಯ ಕಥೆ ಹೇಳಿ, ಈ ಚಿತ್ರಗಳಲ್ಲಿ ಅದು ಯಾರಿರಬಹುದು ಎಂದು ಕೇಳಲಾಯಿತು. ಐದು ವರ್ಷದ ಹುಡುಗಿಯರು ಹೆಂಗಸಿನ ಚಿತ್ರ ತೋರಿಸಿದರು, ಹುಡುಗರು ಗಂಡಸಿನ ಚಿತ್ರ. ಆರು ತುಂಬುವ ಹೊತ್ತಿಗೆ ಹೆಂಗಸಿನ ಚಿತ್ರ ತೋರಿಸುವ ಹುಡುಗಿಯರು ಕಡಿಮೆಯಾಗಿದ್ದರು. ಅದೇ ದೇಶದ ಇನ್ನೊಂದು ಅಧ್ಯಯನ ಸುಮಾರು 1,600 ಪ್ರಾಥಮಿಕ ಶಾಲಾ ಮಕ್ಕಳಿಗೆ ರಾಜಕೀಯ ನಾಯಕರೊಬ್ಬರ ಚಿತ್ರ ಬರೆಯಲು ಹೇಳಿತ್ತು. ವಯಸ್ಸು ಏರಿದಂತೆ ಹುಡುಗಿಯರು ಬರೆದ ಚಿತ್ರಗಳಲ್ಲೂ ಗಂಡು ನಾಯಕರೇ ಹೆಚ್ಚಾಗುತ್ತ ಹೋದರು. ಅಮೆರಿಕದ ಮಕ್ಕಳ ಕಥೆ ನಮಗೇಕೆ ಎನ್ನುವವರು ಇದೇ ಪ್ರಯೋಗವನ್ನು ಒಂದು ಬಿಳಿ ಹಾಳೆ, ಒಂದು ಕ್ರೇಯಾನ್ ಡಬ್ಬಿ ಇಟ್ಟುಕೊಂಡು ತಮ್ಮ ತರಗತಿಯಲ್ಲೇ ಮಾಡಬಹುದು. ‘ನಮ್ಮೂರಿನ ಒಬ್ಬ ನಾಯಕರ ಚಿತ್ರ ಬರೆಯಿರಿ’ ಎಂದಷ್ಟೇ ಹೇಳಿ. ಕನ್ನಡದ ಈ ಗೌರವವಾಚಕ ಬಹುವಚನದಲ್ಲಿ ಗಂಡು ಹೆಣ್ಣೆಂಬ ಸುಳಿವು ಇಲ್ಲದಿರುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ಮೀಸೆ ಎಷ್ಟು ಹಾಳೆಗಳಲ್ಲಿದೆ ಎಂದು ಎಣಿಸಿ ಇಟ್ಟುಕೊಂಡರೆ ವರ್ಷದ ಕೊನೆಗೆ ಹೋಲಿಸಿ ನೋಡಲು ಒಂದು ಅಳತೆಗೋಲೂ ಆಯಿತು.

ನಮ್ಮ ದೇಶದ್ದೇ ಆದ, ಇನ್ನೂ ಗಟ್ಟಿಯಾದ ಸಾಕ್ಷ್ಯವೂ ಉಂಟು. ಪಶ್ಚಿಮ ಬಂಗಾಳದಲ್ಲಿ ಪಂಚಾಯಿತಿ ಮುಖ್ಯಸ್ಥರ ಸ್ಥಾನ ಯಾವ ಗ್ರಾಮದಲ್ಲಿ ಮಹಿಳೆಗೆ ಮೀಸಲಾಗಬೇಕು ಎಂಬುದು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧಾರವಾಗುತ್ತಿತ್ತು. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು. ಎಸ್ತರ್ ಡುಫ್ಲೊ, ರೋಹಿಣಿ ಪಾಂಡೆ ಮತ್ತವರ ಸಂಗಡಿಗರು 495 ಹಳ್ಳಿಗಳಲ್ಲಿ 11ರಿಂದ 15 ವರ್ಷದ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಮಾತಾಡಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಗ ಏನಾಗಬೇಕು, ಮಗಳು ಏನಾಗಬೇಕು ಎಂಬ ಆಸೆಗಳ ನಡುವಿನ ಅಂತರ, ಎರಡು ಅವಧಿಗೆ ಮಹಿಳೆಯೇ ಮುಖ್ಯಸ್ಥೆಯಾಗಿದ್ದ ಹಳ್ಳಿಗಳಲ್ಲಿ, ಎಂದೂ ಮೀಸಲಾಗದ ಹಳ್ಳಿಗಳಿಗೆ ಹೋಲಿಸಿದರೆ ಹೆತ್ತವರಲ್ಲಿ ಶೇ. 20ರಷ್ಟು, ಮಕ್ಕಳಲ್ಲಿ ಶೇ. 32ರಷ್ಟು ಕಡಿಮೆಯಾಗಿತ್ತು. ಓದಿನಲ್ಲಿ ಹುಡುಗ ಹುಡುಗಿಯರ ನಡುವಿದ್ದ ಅಂತರ ಅಳಿಸಿಯೇ ಹೋಗಿತ್ತು, ಹುಡುಗಿಯರು ಮನೆಗೆಲಸದಲ್ಲಿ ಕಳೆಯುವ ಹೊತ್ತೂ ತಗ್ಗಿತ್ತು. ಆ ಮುಖ್ಯಸ್ಥೆಯರು ಶಾಲೆಗೆ ಹೋಗಿ ಹೆಣ್ಣುಮಕ್ಕಳಿಗೆ ಪ್ರವಚನ ಕೊಟ್ಟಿದ್ದರಿಂದ ಇದಾಗಲಿಲ್ಲ. ಊರಿನ ಕೆಲಸಕ್ಕೆ ಸಹಿ ಹಾಕುವವಳು ಒಬ್ಬ ಹೆಂಗಸು ಎಂಬುದನ್ನು ಮಕ್ಕಳು ವರ್ಷಗಟ್ಟಲೆ ನೋಡಿದರು, ಅಷ್ಟೆ. ನಮಗೆ ಬೇಕಾದ ಪಾಠ ‘ಎರಡು ಅವಧಿ’ ಎಂಬ ಮಾತಿನಲ್ಲಿದೆ. ಇದೇ ತಂಡದ ಹಿಂದಿನ ಅಧ್ಯಯನವೊಂದು, ಮೊದಲ ಬಾರಿ ಬಂದ ಮಹಿಳಾ ಮುಖ್ಯಸ್ಥೆಯರು ಕೆಲಸದಲ್ಲಿ ಹಿಂದೆ ಬೀಳದಿದ್ದರೂ ಜನ ಅವರಿಗೆ ಕಡಿಮೆ ಅಂಕವನ್ನೇ ಕೊಡುತ್ತಿದ್ದರೆಂದು ತೋರಿಸಿತ್ತು. ಒಂದು ಸಲ ಕಂಡರೆ ವಿಚಿತ್ರ, ಎರಡನೇ ಸಲ ಕಂಡರೆ ರೂಢಿ. ಹಾಗಾಗಿ ‘ಈ ವರ್ಷ ನಮ್ಮ ಶಾಲೆಯಲ್ಲಿ ಹುಡುಗಿ ನಾಯಕಿ’ ಎಂದು ಒಮ್ಮೆ ಹೆಮ್ಮೆಪಟ್ಟು ಮರೆತರೆ ಅಷ್ಟೇನೂ ಪ್ರಯೋಜನವಿಲ್ಲ.

ಇನ್ನು ಮಾಡುವ ಬಗೆ. ಒಂದು, ಎರಡನೇ ತರಗತಿಯ ಮಕ್ಕಳೊಂದಿಗೆ ವ್ಯಕ್ತಿಗಳ ಚುನಾವಣೆಯಿಂದ ಶುರು ಮಾಡಬೇಡಿ. ಆರು ವರ್ಷದ ಮಗು ಸೋತರೆ ಅದಕ್ಕೆ ಮತ ಸಿಗಲಿಲ್ಲ ಎಂದು ಅನ್ನಿಸುವುದಿಲ್ಲ, ‘ನಾನು ಯಾರಿಗೂ ಬೇಡ’ ಎಂದು ಅನ್ನಿಸುತ್ತದೆ. ಮೊದಲು ವಿಷಯಗಳ ಮೇಲೆ ಮತ ಹಾಕಲಿ: ಶನಿವಾರ ಆಡುವುದು ಕುಂಟೆಬಿಲ್ಲೆಯೋ ಲಗೋರಿಯೋ, ಕಥೆಯ ಅವಧಿಗೆ ಯಾವ ಪುಸ್ತಕ, ಗೋಡೆಗೆ ಯಾವ ಬಣ್ಣದ ಕಾಗದ. ಇದಕ್ಕೆ 1951–52ರ ಮೊದಲ ಮಹಾಚುನಾವಣೆಯೇ ಒಳ್ಳೆಯ ಮಾದರಿ. ಆಗ ಮತದಾರರಲ್ಲಿ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಡುತ್ತಿದ್ದರು; ಮತದಾರ ಮರೆಯೊಳಗೆ ಹೋಗಿ ತನಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರುತ್ತಿದ್ದ. ಅಕ್ಷರ ಕೂಡಿಸಿ ಓದಲು ಈಗಷ್ಟೇ ಕಲಿಯುತ್ತಿರುವ ಮಕ್ಕಳಿಗೆ ಇದು ಹೇಳಿ ಮಾಡಿಸಿದ ವಿಧಾನ. ಎರಡು ಹಾಲಿನ ಪುಡಿ ಡಬ್ಬಿಗಳ ಮೇಲೆ ಎರಡು ಆಟಗಳ ಚಿತ್ರ ಅಂಟಿಸಿ, ತರಗತಿಯ ಮೂಲೆಯಲ್ಲಿ ಬೆಂಚಿಗೆ ಹಳೇ ಸೀರೆ ಇಳಿಬಿಟ್ಟು ಮರೆ ಮಾಡಿ, ಒಬ್ಬೊಬ್ಬರ ಕೈಗೂ ಒಂದೊಂದು ಹುಣಸೆ ಬೀಜ ಕೊಡಿ. ಡಬ್ಬಿಯ ತಳಕ್ಕೆ ಬಟ್ಟೆ ಹಾಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಟಣ್ ಎಂಬ ಸದ್ದು ಕೇಳಿಯೇ ಹೊರಗಿದ್ದವರು ‘ಅವಳು ಲಗೋರಿಗೆ ಹಾಕಿದ್ಲು’ ಎಂದು ಕೂಗುತ್ತಾರೆ. ಹಾಗೆ ಕೂಗಿದರೂ ಒಳ್ಳೆಯದೇ ಎನ್ನಿ. ಗುಟ್ಟಿನ ಮತದಾನ ಯಾಕೆ ಬೇಕು ಎಂದು ಮಾತು ತೆಗೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ಎಣಿಕೆ ಎಲ್ಲರ ಎದುರೇ ಆಗಲಿ. ಬೀಜಗಳನ್ನು ಹತ್ತತ್ತರ ಸಾಲು ಮಾಡಿ, ಕಪ್ಪುಹಲಗೆಯಲ್ಲಿ ಗೀಟು ಹಾಕುತ್ತ ಹೋಗಿ. ಹಾಜರಿ ಎಷ್ಟು, ಬೀಜ ಎಷ್ಟು ಎಂದು ತಾಳೆ ನೋಡಲು ಮಕ್ಕಳಿಗೇ ಬಿಡಿ, ಗಣಿತವೂ ಆಯಿತು. ಕೊನೆಯದಾಗಿ, ಗೆದ್ದ ಆಟವನ್ನು ಅಂದೇ ಆಡಿಸಬೇಕು. ‘ಮಳೆ ಬರ್ತಿದೆ, ಮುಂದಿನ ವಾರ ನೋಡೋಣ’ ಎಂದರೆ ಮತ ಹಾಕಿ ಏನು ಬಂತು ಎಂಬ ದೊಡ್ಡವರ ನಿರಾಸೆಯನ್ನು ಆರನೇ ವಯಸ್ಸಿಗೇ ಕಲಿಸಿದಂತೆ.

ಮೂರನೇ ತರಗತಿಯಿಂದ ವ್ಯಕ್ತಿಗಳನ್ನು ಆರಿಸುವುದಕ್ಕೆ ಕೈಹಾಕಬಹುದು. ಆದರೆ ಮೊದಲು ಕೆಲಸ ಗೊತ್ತುಮಾಡಿ, ಆಮೇಲೆ ಆಳನ್ನು ಆರಿಸಬೇಕು. ‘ಮಾತಾಡುವವರ ಹೆಸರು ಬೋರ್ಡಿನ ಮೇಲೆ ಬರಿ’ ಎಂಬುದು ನಾಯಕತ್ವವಲ್ಲ, ಪೊಲೀಸ್ ಕೆಲಸ. ಆಟದ ಸಾಮಾನನ್ನು ಯಾರಿಗೆ ಯಾವಾಗ ಕೊಡಬೇಕು, ಬಿಸಿಯೂಟದ ಸಾಲು ಹೇಗೆ ನಿಲ್ಲಬೇಕು, ನಲ್ಲಿಯ ಹತ್ತಿರದ ಕೆಸರಿಗೆ ಏನು ಮಾಡಬೇಕು ಎಂಬಂಥವು ಮಕ್ಕಳು ನಿಜವಾಗಿ ತೀರ್ಮಾನಿಸಬಹುದಾದ ಸಂಗತಿಗಳು. ಅವಧಿ ಒಂದು ತಿಂಗಳು ಸಾಕು. ವರ್ಷಕ್ಕೊಬ್ಬನೇ ನಾಯಕನಾದರೆ ತರಗತಿಯ ಉಳಿದವರಿಗೆಲ್ಲ ಅದು ನೋಡುವ ವಸ್ತು. ತಿಂಗಳಿಗೊಬ್ಬರಾದರೆ ಏಳೆಂಟು ಮಕ್ಕಳಾದರೂ ಆ ಜಾಗದಲ್ಲಿ ನಿಂತು ನೋಡುತ್ತಾರೆ. ತಿಂಗಳ ಕೊನೆಯ ಶನಿವಾರ ನಾಯಕಿ ಎದ್ದುನಿಂತು ‘ಇದನ್ನು ಮಾಡಿದೆ, ಇದು ಆಗಲಿಲ್ಲ, ಯಾಕೆ ಆಗಲಿಲ್ಲ’ ಎಂದು ಲೆಕ್ಕ ಒಪ್ಪಿಸಲಿ, ಉಳಿದವರು ಪ್ರಶ್ನೆ ಕೇಳಲಿ. ಆ ಸಭೆ ನಡೆಸಲು ಸಭಾಧ್ಯಕ್ಷರೊಬ್ಬರು ಬೇಕು. 1972ರಲ್ಲಿ ಗುಂಡ್ಲುಪೇಟೆಯ ಶಾಸಕಿ ಕೆ.ಎಸ್. ನಾಗರತ್ನಮ್ಮ ನಮ್ಮ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷೆಯಾದ ಸಂಗತಿಯನ್ನು ಇಲ್ಲಿ ಹೇಳಿ, ಸಭಾಧ್ಯಕ್ಷರ ಕೆಲಸವೆಂದರೆ ತಾನು ಮಾತಾಡುವುದಲ್ಲ, ಯಾರು ಯಾವಾಗ ಮಾತಾಡಬೇಕೆಂದು ನೋಡಿಕೊಳ್ಳುವುದು ಎಂದು ವಿವರಿಸಬಹುದು. ದನಿ ಎತ್ತರದ ಹುಡುಗನನ್ನು ‘ಕೂತ್ಕೊ, ಅವಳದ್ದು ಮುಗೀಲಿ’ ಎಂದು ತಡೆಯುವ ಅಧಿಕಾರ ಎಂಟು ವರ್ಷದ ಹುಡುಗಿಗೆ ನಿಯಮದ ಪ್ರಕಾರ ಸಿಕ್ಕಿದೆ ಎಂದರೆ, ಇಡೀ ತರಗತಿಗೆ ಅದು ಹೊಸ ನೋಟ.

ಹುಡುಗಿಯರ ಸರದಿಯನ್ನು ಅದೃಷ್ಟಕ್ಕೆ ಬಿಡಬಾರದು. ಒಂದು ತಿಂಗಳು ಹುಡುಗಿಯರಷ್ಟೇ ನಾಯಕ ಸ್ಥಾನಕ್ಕೆ ನಿಲ್ಲಲಿ, ಮರುತಿಂಗಳು ಹುಡುಗರಷ್ಟೇ, ಮೂರನೆಯ ತಿಂಗಳು ಎಲ್ಲರೂ. ಮತ ಮಾತ್ರ ಯಾವಾಗಲೂ ಎಲ್ಲರದ್ದು. ಇದು ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. ಅಬ್ದುಲ್ ನಜೀರ್‌ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದ ಕಾಲದ 1983ರ ಕರ್ನಾಟಕದ ಪಂಚಾಯತ್ ಕಾಯ್ದೆ ಸ್ಥಳೀಯ ಸಂಸ್ಥೆಗಳಲ್ಲಿ ಶೇ. 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಾಗ, ದೇಶಕ್ಕೆಲ್ಲ ಮೂರನೇ ಒಂದು ಭಾಗ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿಗೆ ಇನ್ನೂ ಸುಮಾರು ಹತ್ತು ವರ್ಷ ಬಾಕಿ ಇತ್ತು. 2010ರಲ್ಲಿ ನಮ್ಮಲ್ಲಿ ಅದು ಅರ್ಧಕ್ಕೆ ಏರಿತು. ಖಾತೆಗಳನ್ನು ಮಾತ್ರ ಮತಕ್ಕೆ ಬಿಡದೆ ಚೀಟಿ ಎತ್ತಿ ಹಂಚಿದರೆ ಒಳ್ಳೆಯದು. ಆಗ ವಾಲಿಬಾಲಿನ ಬೀಗದ ಕೈ ಹುಡುಗಿಯ ಹತ್ತಿರವೂ ಕಸಪೊರಕೆಯ ಲೆಕ್ಕ ಹುಡುಗನ ಹತ್ತಿರವೂ ಹೋಗುತ್ತದೆ. ಯಾರನ್ನೂ ಬೋಧಿಸಿ ಒಪ್ಪಿಸಬೇಕಾಗಿಲ್ಲ.

‘ಇದು ಹುಡುಗರಿಗೆ ಅನ್ಯಾಯ, ಯೋಗ್ಯತೆ ನೋಡಿ ಆರಿಸಬೇಕಲ್ಲವೇ’ ಎಂಬ ಪ್ರಶ್ನೆ ಖಂಡಿತ ಬರುತ್ತದೆ, ಮಕ್ಕಳಿಂದಲೇ ಬರುತ್ತದೆ. ಅದನ್ನು ಗದರಿ ಸುಮ್ಮನಾಗಿಸಬಾರದು. ಚಿಕ್ಕ ಮಕ್ಕಳು ಹುಡುಗರು ಹುಡುಗರಿಗೆ, ಹುಡುಗಿಯರು ಹುಡುಗಿಯರಿಗೆ ಮತ ಹಾಕುವುದು ಸಾಮಾನ್ಯ. ಹಾಗಿರುವಾಗ ಹದಿನೆಂಟು ಹುಡುಗರು, ಹದಿನಾಲ್ಕು ಹುಡುಗಿಯರಿರುವ ತರಗತಿಯಲ್ಲಿ ಗೆದ್ದದ್ದು ಯೋಗ್ಯತೆಯೋ ಹಾಜರಿ ಪುಸ್ತಕವೋ? ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಮಕ್ಕಳ ಮುಂದಿಟ್ಟರೆ ಐದನೇ ತರಗತಿಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಒಬ್ಬಳಿಗೆ ಎಂದೂ ಅವಕಾಶ ಕೊಡದೆ ಅವಳ ಯೋಗ್ಯತೆ ಅಳೆಯುವುದು ಹೇಗೆ ಎಂದು ಅವರನ್ನೇ ಕೇಳಬಹುದು. ಬಂಗಾಳದ ಹಳ್ಳಿಗಳಲ್ಲೂ ಅಂತರ ಕಡಿಮೆಯಾದದ್ದು ಹುಡುಗಿಯರು ಮೇಲೆ ಬಂದದ್ದರಿಂದ, ಹುಡುಗರು ಕೆಳಗೆ ಇಳಿದದ್ದರಿಂದಲ್ಲ. ಇಷ್ಟಾದರೂ ಒಪ್ಪದ ಮಕ್ಕಳಿರುತ್ತಾರೆ. ಇರಲಿ. ಭಿನ್ನಾಭಿಪ್ರಾಯ ಇಟ್ಟುಕೊಂಡೂ ನಿಯಮಕ್ಕೆ ನಡೆದುಕೊಳ್ಳುವುದು ಕೂಡ ಪ್ರಜಾಪ್ರಭುತ್ವದ ಪಾಠವೇ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮೀಸಲಾತಿಯಿಂದ ಗೆದ್ದ ಅಧ್ಯಕ್ಷೆಯ ಕುರ್ಚಿ ಅವಳದ್ದು, ದರ್ಬಾರು ಗಂಡನದ್ದು. ಮಕ್ಕಳು ಅದನ್ನೇ ನೋಡಿ ಬೆಳೆದರೆ ಏನು ಕಲಿತ ಹಾಗಾಯಿತು? ಈ ಮಾತು ಸುಳ್ಳಲ್ಲ, ಮಕ್ಕಳಿಂದ ಮುಚ್ಚಿಡಬೇಕಾದ್ದೂ ಅಲ್ಲ. ಆದರೆ ಅದಕ್ಕೆ ಮದ್ದು ಕುರ್ಚಿಯನ್ನೇ ಕಿತ್ತುಕೊಳ್ಳುವುದಲ್ಲ, ಅದು ಅವಳದ್ದೇ ಎಂದು ಖಚಿತಪಡಿಸುವುದು. ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿ ಸಿದ್ಧವಾದಾಗ ಸುಮಾರು ಎಂಟು ಕೋಟಿ ಮಹಿಳಾ ಮತದಾರರಲ್ಲಿ ಹತ್ತಿರಹತ್ತಿರ 28 ಲಕ್ಷ ಮಂದಿ ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ನಮೂದುಗಳನ್ನು ಒಪ್ಪಲಿಲ್ಲ, ಸ್ವಂತ ಹೆಸರು ಕೊಡದವರು ಪಟ್ಟಿಯಿಂದ ಹೊರಗುಳಿದರು. ಆ ನಿರ್ಧಾರ ಕಟುವಾಗಿತ್ತು, ಲಕ್ಷಾಂತರ ಹೆಂಗಸರು ಆ ಸಲ ಮತ ಕಳೆದುಕೊಂಡರು. ಆದರೂ ಮತ ಎಂಬುದು ಹೆಸರುಳ್ಳ ಒಬ್ಬ ವ್ಯಕ್ತಿಯದ್ದು, ಮನೆಯ ಯಜಮಾನನದ್ದಲ್ಲ ಎಂದು ಅದು ಖಚಿತಪಡಿಸಿತು. ಇದನ್ನು ನಾಲ್ಕನೇ ತರಗತಿಗೆ ಕಥೆಯಾಗಿ ಹೇಳಿ, ‘ನಿಮ್ಮ ಅಜ್ಜಿಯ ಪೂರ್ತಿ ಹೆಸರೇನು?’ ಎಂದು ಕೇಳಿಕೊಂಡು ಬರಲು ಹಚ್ಚಿದರೆ ಮನೆಪಾಠವೂ ಆಯಿತು. ತರಗತಿಯಲ್ಲೂ ಗಂಡನ ದರ್ಬಾರಿಗೆ ಸಮನಾದದ್ದು ನಡೆಯುತ್ತದೆ. ನಾಯಕಿ ಅವಳು, ಕೂಗಿ ಹೇಳುವವನು ಅವಳ ಪಕ್ಕದ ಹುಡುಗ. ಇಲ್ಲವೇ ಶಿಕ್ಷಕರೇ ಭಾರದ ಕೆಲಸ ಬಂದಾಗ ನಾಯಕಿಯನ್ನು ಬಿಟ್ಟು ಉಪನಾಯಕನನ್ನು ಕರೆಯುತ್ತಾರೆ. ಇದನ್ನು ತಡೆಯುವುದು ಪೂರ್ತಿ ದೊಡ್ಡವರ ಕೈಯಲ್ಲಿದೆ. ಪ್ರಶ್ನೆ ನಾಯಕಿಗೇ ಕೇಳಿ, ಉತ್ತರ ತಡವಾದರೂ ಕಾಯಿರಿ, ಬೇರೆಯವರು ಬಾಯಿ ಹಾಕಿದರೆ ‘ಅವಳನ್ನು ಕೇಳಿದ್ದು’ ಎಂದು ಮೆತ್ತಗೆ ಹೇಳಿ.

ಹೆಣ್ಣು ನಾಯಕತ್ವ ಎಂದಕೂಡಲೇ ನಮ್ಮ ಶಾಲೆಗಳಲ್ಲಿ ಛದ್ಮವೇಷಕ್ಕೆ ಕಿತ್ತೂರು ಚೆನ್ನಮ್ಮ, ಉಳ್ಳಾಲದ ಅಬ್ಬಕ್ಕ, ಒನಕೆ ಓಬವ್ವ ಸಿದ್ಧವಾಗುತ್ತಾರೆ. ಆ ಕಥೆಗಳು ಬೇಕು. ಅವು ಮಾತ್ರವೇ ಆದರೆ, ಹಗೆ ಕೋಟೆಯ ಕಿಂಡಿಗೆ ಬಂದಾಗ, ಗಂಡ ಊಟಕ್ಕೆ ಕೂತಾಗ ಅಥವಾ ತೀರಿಕೊಂಡಾಗ ಮಾತ್ರ ಹೆಣ್ಣು ಮುಂದೆ ಬರುತ್ತಾಳೆ ಎಂದು ಮಗು ತಿಳಿಯುತ್ತದೆ. ಅವರಲ್ಲಿ ಯಾರನ್ನೂ ಜನ ಮತ ಹಾಕಿ ಆರಿಸಿರಲಿಲ್ಲ, ಮುಂದಿನ ಸಲ ಸೋಲಿಸುವ ಹಕ್ಕೂ ಜನಕ್ಕೆ ಇರಲಿಲ್ಲ. ಚುನಾವಣೆಯ ಪಾಠಕ್ಕೆ ಕೇಳಿ ಗೆದ್ದ, ಕೇಳಿ ಸೋತ ಹೆಂಗಸರು ಬೇಕು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿಗೆ ನಿಂತಾಗ ಅವರಿಗೆ ಇಪ್ಪತ್ಮೂರು ವರ್ಷ. ಶಾಸನಸಭೆಯ ಚುನಾವಣೆಗೆ ಹೆಣ್ಣೊಬ್ಬಳು ನಿಲ್ಲುವುದೇ ಆಗ ಸುದ್ದಿ. ತೀರ ಕಡಿಮೆ ಅಂತರದಲ್ಲಿ ಸೋತರು. ಆಮೇಲೆ ಉಪ್ಪಿನ ಸತ್ಯಾಗ್ರಹದಿಂದ ಹಿಡಿದು ಕರಕುಶಲ ಕಲೆಗಳ ಪುನರುಜ್ಜೀವನದವರೆಗೆ ಅವರು ಮಾಡಿದ ಕೆಲಸ ದೊಡ್ಡದು. ತರಗತಿಯಲ್ಲಿ ಸೋತು ಮುಖ ಸಣ್ಣದು ಮಾಡಿಕೊಂಡ ಮಗುವಿಗೆ ಹೇಳಲು ರಾಣಿಯರ ಕಥೆಗಿಂತ ಇದು ಹೆಚ್ಚು ಒದಗುತ್ತದೆ. ಸೋತವರ ಮತಗಳ ಸಂಖ್ಯೆಯನ್ನು ಚಿಕ್ಕ ತರಗತಿಗಳಲ್ಲಿ ಸಾರಿ ಹೇಳದಿರುವುದು, ಸೋತವರೇ ಮೊದಲು ಗೆದ್ದವರ ಕೈ ಕುಲುಕುವ ರೂಢಿ ಹಾಕುವುದು ಒಳ್ಳೆಯದು. ‘ನೋಟಾ’ವನ್ನು ಮಾತ್ರ ಪ್ರಾಥಮಿಕ ಶಾಲೆಗೆ ತರಬೇಡಿ, ದೊಡ್ಡವರ ಚುನಾವಣೆಯಲ್ಲಿ ಅದಕ್ಕೆ ಅರ್ಥವಿದೆ, ಎಂಟು ವರ್ಷದ ಮಗುವಿನ ಎದುರು ‘ಯಾರೂ ಬೇಡ’ ಎಂಬುದು ಬರೀ ನೋವು.

ಶಾಲೆಗೆ ರಾಜಕೀಯ ತರಬೇಡಿ ಎನ್ನುವವರಿಗೆ ಉತ್ತರ ಚಿಕ್ಕದು: ಪಕ್ಷ ತರಬೇಡಿ, ಚುನಾವಣೆ ತನ್ನಿ. ಚಿಹ್ನೆಗಳು ಹಲಸಿನಂಥವಾಗಿರಲಿ. ಅವು ಯಾವ ಪಕ್ಷದ್ದೂ ಅಲ್ಲವೆಂದು ಮೊದಲೇ ನೋಡಿಕೊಳ್ಳಿ. ಪ್ರಚಾರದಲ್ಲಿ ಚಾಕೊಲೇಟ್ ಹಂಚುವಂತಿಲ್ಲ ಎಂಬ ನೀತಿಸಂಹಿತೆಯನ್ನು ಮಕ್ಕಳಿಂದಲೇ ಬರೆಸಿ. ಯಾರಾದರೂ ಗುಟ್ಟಾಗಿ ಹಂಚಿಯೇ ಹಂಚುತ್ತಾರೆ. ಆಗ ಶಿಕ್ಷೆಗಿಂತ, ತಿಂದವರು ಅವನಿಗೇ ಮತ ಹಾಕಬೇಕೇ ಎಂಬ ಚರ್ಚೆ ಇಡಿ. ಮಕ್ಕಳ ಉತ್ತರಗಳು ದೊಡ್ಡವರನ್ನು ನಾಚಿಸುವ ಹಾಗಿರುತ್ತವೆ.

ಮನೆಯವರ ಪಾಲೂ ಇದೆ. ಮತಗಟ್ಟೆಯೊಳಗೆ ಎತ್ತಿಕೊಂಡ ಕೂಸಿಗೆ ಮಾತ್ರ ಪ್ರವೇಶ, ದೊಡ್ಡ ಮಕ್ಕಳು ಹೊರಗೇ ಉಳಿಯಬೇಕು. ಆದರೆ ಅಮ್ಮನ ಬೆರಳಿನ ಶಾಯಿ ಮನೆಗೆ ಬರುತ್ತದೆ. ಆ ಶಾಯಿ ತಯಾರಾಗುವುದು ಮೈಸೂರಿನಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಅದನ್ನು ಪೂರೈಸುತ್ತ ಬಂದಿದೆ. ಅದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ ಬೆಳಕಿಗೆ ಕಪ್ಪಾಗುತ್ತದೆ, ತಿಕ್ಕಿದರೂ ಹೋಗುವುದಿಲ್ಲ. ಒಬ್ಬರಿಗೆ ಒಂದೇ ಮತ ಎಂಬುದನ್ನು ಮಗುವಿಗೆ ಇದರಿಂದಲೇ ತೋರಿಸಬಹುದು. ಅಪ್ಪ ಅಮ್ಮ ಬೇರೆ ಬೇರೆಯವರಿಗೆ ಮತ ಹಾಕಬಹುದು, ಹಾಕಿದ್ದನ್ನು ಪರಸ್ಪರ ಹೇಳಬೇಕಾಗಿಯೂ ಇಲ್ಲ ಎಂಬುದು ಮಗುವಿನ ಕಿವಿಗೆ ಬೀಳಲಿ. ‘ನಿಮ್ಮ ಅಪ್ಪ ಹೇಳಿದವರಿಗೇ ನಾನೂ ಹಾಕೋದು’ ಎಂಬ ಒಂದು ಮಾತು ಶಾಲೆಯ ವರ್ಷದ ಪಾಠವನ್ನು ಅಳಿಸಿಬಿಡುತ್ತದೆ.

ದೊಡ್ಡ ಮಕ್ಕಳು ಪತ್ರಿಕೆಯಿಂದ ಲೆಕ್ಕ ತೆಗೆಯಲಿ. 2023ರ ಚುನಾವಣೆಯಲ್ಲಿ ನಮ್ಮ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10. 2024ರಲ್ಲಿ ಲೋಕಸಭೆಯ 543ರಲ್ಲಿ 74. ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಮೀಸಲಿರುವ ರಾಜ್ಯದಲ್ಲಿ ವಿಧಾನಸಭೆಗೆ ಹೋಗುವ ಹೊತ್ತಿಗೆ ಉಳಿದವರು ಎಲ್ಲಿ ಹೋದರು? ಈ ಪ್ರಶ್ನೆಗೆ ಉತ್ತರ ಕೊಡುವ ಅವಸರ ಬೇಡ, ಮಕ್ಕಳು ಊಹಿಸಲಿ. ಸಂಸತ್ತು 2023ರಲ್ಲಿ ಮೂರನೇ ಒಂದು ಭಾಗ ಮೀಸಲಾತಿಯ ತಿದ್ದುಪಡಿ ಒಪ್ಪಿದಾಗ ಅದನ್ನು ಜನಗಣತಿ, ಕ್ಷೇತ್ರ ಪುನರ್ವಿಂಗಡಣೆಗಳಿಗೆ ಜೋಡಿಸಿತು ಎಂಬುದನ್ನೂ ಏಳನೇ ತರಗತಿಯವರಿಗೆ ಹೇಳಬಹುದು.

ತರಗತಿಯ ಸಭೆಗಳಲ್ಲಿ ಪರಿಹಾರ ಸಿಗದ ವಿಷಯಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ; ಅವನ್ನು ಊರಿನ ಮುಂದೆ ಇಡಲು ದಾರಿಯಿದೆ. 1990ರ ದಶಕದಲ್ಲಿ ಕುಂದಾಪುರದ ಕಡೆ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ನೆರವಿನಿಂದ ಮಕ್ಕಳ ಪಂಚಾಯಿತಿಗಳು ನಡೆದವು. ಈಗ ನಮ್ಮ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ, ಮಕ್ಕಳ ಗ್ರಾಮಸಭೆ ಕರೆಯುತ್ತವೆ. ಶೌಚಾಲಯದ ಬಾಗಿಲು, ಬಸ್ ನಿಲ್ಲದ ಸ್ಟಾಪು, ಬೀದಿದೀಪವಿಲ್ಲದ ದಾರಿ ಅಲ್ಲಿಗೆ ಹೋಗಲಿ. ಮನವಿಯನ್ನು ಆ ತಿಂಗಳ ನಾಯಕಿಯೇ ಓದಲಿ, ತಿದ್ದಿಕೊಡುವ ನೆಪದಲ್ಲಿ ಶಿಕ್ಷಕರು ಮೈಕ್ ತೆಗೆದುಕೊಳ್ಳುವುದು ಬೇಡ. ಮೂರು ತಿಂಗಳ ನಂತರ ಅದೇ ಪುಸ್ತಕ ಹಿಡಿದು ಪಂಚಾಯಿತಿ ಕಚೇರಿಗೆ ಹೋಗಿ ‘ನಮ್ಮ ಅರ್ಜಿ ಏನಾಯಿತು?’ ಎಂದು ಪಿಡಿಒ ಅವರನ್ನು ಕೇಳಿ ಬರುವ ಕೆಲಸವನ್ನು, ಆಗ ಯಾರು ನಾಯಕರಾಗಿರುತ್ತಾರೋ ಅವರಿಗೆ ಮೊದಲೇ ಬರೆದಿಡಿ.